ಅಕ್ಕಿ ಕೋಣೆಯ ಮಾತು ಊರಿಗೆಲ್ಲ ಹೇಗೆ ಗೊತ್ತಾಯಿತು?

ಮಕ್ಕಳ ಮನೋಕ್ಷೇಮ ಯೋಜನೆಯ ಅಧಿಕಾರಿಗಳೇ,

ನಮ್ಮ ಶಾಲೆಯ ಹತ್ತು ವರ್ಷದ ಹುಡುಗಿಯೊಬ್ಬಳು ನಂಬಿ ಹೇಳಿಕೊಂಡ ಸಂಕಟವನ್ನು ನೀವು ನಾನೂರು ಶಿಕ್ಷಕರಿರುವ ವಾಟ್ಸಾಪ್ ಗುಂಪಿನಲ್ಲಿ ಹಂಚಿದಿರಿ. ಅದನ್ನು ಬರೆದು ನಿಮ್ಮ ಕೈಗೆ ಕೊಟ್ಟವನು ನಾನು. ಆದ್ದರಿಂದ ಇಲ್ಲಿ ನಿಮಗೆ ಬೀಳುವ ಬೈಗುಳದಲ್ಲಿ ನನ್ನ ಪಾಲೂ ಇದೆ. ಇದು ಎಲ್ಲರೂ ಓದುವ ಬಹಿರಂಗ ಪತ್ರವಾದ್ದರಿಂದ ಹುಡುಗಿಯ ಹೆಸರನ್ನಾಗಲಿ ಊರನ್ನಾಗಲಿ ಬರೆಯುವುದಿಲ್ಲ. ಒಮ್ಮೆ ಬರೆದು ಅನುಭವಿಸಿದ್ದು ಸಾಕು. ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ.

ಹೆದ್ದಾರಿ ಹೋಟೆಲುಗಳಲ್ಲಿ ತಟ್ಟೆ ತೊಳೆಯುವವರ, ಕೂಲಿಗೆ ತೆಂಗಿನಕಾಯಿ ಸುಲಿಯುವವರ ಮಕ್ಕಳು ಓದುವ ಶಾಲೆ ನಮ್ಮದು. ಐವತ್ತೆಂಟು ಮಕ್ಕಳು, ಮೂವರು ಮೇಷ್ಟ್ರು. ಹೊಟ್ಟೆಗೆ ಬಿಸಿಯೂಟ, ಕಾಲಿಗೆ ಶೂ ಕೊಟ್ಟ ಸರ್ಕಾರ ಮನಸ್ಸಿಗೇನೂ ಕೊಟ್ಟಿರಲಿಲ್ಲ. ಹಾಸನದ ಸಭೆಯಲ್ಲಿ ನೀವು ಮೈಕ್ ಹಿಡಿದು "ಬಡವರ ಮಕ್ಕಳಿಗೂ ಮನಸ್ಸಿದೆ" ಎಂದಿರಿ. ಎಂಥ ಸಂಶೋಧನೆ! ಆದರೂ ಮೊದಲು ಚಪ್ಪಾಳೆ ತಟ್ಟಿದವನು ನಾನೇ. ವಾರಕ್ಕೊಮ್ಮೆ ಆಪ್ತಸಮಾಲೋಚಕಿ ಬರುತ್ತಾರೆ, ಮಕ್ಕಳ ಮಾತು ನಾಲ್ಕು ಗೋಡೆ ದಾಟುವುದಿಲ್ಲ ಎಂದೂ ಭರವಸೆ ಕೊಟ್ಟಿರಿ. ಇಪ್ಪತ್ತೆರಡು ವರ್ಷ ಸರ್ಕಾರಿ ನೌಕರಿ ಮಾಡಿಯೂ ನಂಬಿದೆ ನೋಡಿ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆಪ್ತಸಮಾಲೋಚಕಿ ದಿವ್ಯಾ ಗುರುವಾರಗಳಂದು ಬರತೊಡಗಿದರು. ಬೇರೆ ಜಾಗವಿಲ್ಲದೆ ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆಯನ್ನೇ ಅವರಿಗೆ ಕೊಟ್ಟೆವು. ಮೊದಲ ಮೂರು ವಾರ ಮಕ್ಕಳು ಅವರೆದುರು ಕೈಕಟ್ಟಿ ಕೂತು, "ಏನೂ ಇಲ್ಲ ಮಿಸ್" ಎಂದು ಎದ್ದು ಬಂದರು. ನೋಡಿ ನೋಡಿ ಸಾಕಾಗಿ, ಅಡುಗೆಯ ಚಿಕ್ಕಲಕ್ಷ್ಮಮ್ಮ ಒಂದು ಮೊರ ತಂದಿಟ್ಟರು.

"ಎದುರ್ಗೆ ಕೂರುಸ್ಕಂಡು ಕೇಳುದ್ರೆ ಪೊಲೀಸ್ನೋರು ಕೇಳ್ದಂಗಾಯ್ತದೆ ಕಣವ್ವ. ಜೊತೇಲಿ ಕೂತ್ಕಂಡು ಅಕ್ಕಿ ಆರ್ಸು. ಕೈ ಆಡ್ತಿದ್ರೆ ಮಕ್ಳು ತಾವಾಗೇ ಬಾಯ್ ಬುಡ್ತವೆ."

ನಮ್ಮ ಕಡೆ ಹೆಂಗಸರು ಕಷ್ಟಸುಖ ಹೇಳಿಕೊಳ್ಳುವುದು ಅಕ್ಕಿ ಆರಿಸುವಾಗಲೇ. ಯಾವ ತರಬೇತಿಯಲ್ಲೂ ಇಲ್ಲದ ಈ ಉಪಾಯ ಫಲಿಸಿತು. ಜೂನ್‌ನಿಂದ ಹಾಜರಿ ಕರೆದರೂ ಬಾಯಿ ತೆರೆಯದೆ ಕೈ ಮಾತ್ರ ಎತ್ತುತ್ತಿದ್ದ ಈ ಹುಡುಗಿ ಒಂದು ಗುರುವಾರ ಆ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು: "ಸಾ, ಯೋಳುದ್ರೆ ಯಾರ್ಗೂ ಗೊತ್ತಾಗಕಿಲ್ವಾ?"

"ಯಾರಿಗೂ ಗೊತ್ತಾಗಲ್ಲ ಕಣಮ್ಮ" ಎಂದೆ. ನೀವು ಕೊಟ್ಟಿದ್ದ ಮಾತನ್ನೇ ಅವಳಿಗೆ ಕೊಟ್ಟೆ. ಅವಳು ಒಳಗೆ ಹೋಗಿ ಮಾತಾಡಿದಳು. ನವೆಂಬರ್ ಹೊತ್ತಿಗೆ ತರಗತಿಯಲ್ಲಿ ಎದ್ದು ನಿಂತು ಪದ್ಯ ಓದುತ್ತಿದ್ದಳು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದೆ.

ಆಗ ಬಂತು ನಿಮ್ಮ ಸುತ್ತೋಲೆ. ಮಗುವಿನ ಹೆಸರು, ಸಮಸ್ಯೆಯ ವಿವರ, ಆದ ಪ್ರಗತಿ, ಜೊತೆಗೊಂದು ಫೋಟೋ, ಎಲ್ಲ ಸಂಜೆ ಐದರೊಳಗೆ, ತಪ್ಪಿದರೆ ಶಿಸ್ತುಕ್ರಮ. ದಿವ್ಯಾಗೆ ಫೋನ್ ಮಾಡಿದೆ. "ಇದನ್ನ ಕೊಡೋ ಹಾಗೇ ಇಲ್ಲ ಸಾರ್" ಎಂದರು. ಶಿಸ್ತುಕ್ರಮ ಎಂಬ ಪದಕ್ಕೆ ಹೆದರಿದ ನಾನು ಬೀರುವಿನಲ್ಲಿದ್ದ ಅವರ ನೋಟ್‌ಬುಕ್ ತೆಗೆದು, ನೋಡಿಕೊಂಡು ಕಾಲಂ ತುಂಬಿದೆ; ಅವಳು ಅಕ್ಕಿ ಆರಿಸುವಾಗ ನಾನೇ ತೆಗೆದಿದ್ದ ಫೋಟೋವನ್ನೂ ಸೇರಿಸಿದೆ. ನೀವು ಅದನ್ನು "ಮಾದರಿ ವರದಿ" ಎಂದು ಹೊಗಳಿ ಗುಂಪಿಗೆ ಹಾಕಿದಿರಿ. ಮೆಚ್ಚುಗೆಯ ಹೆಬ್ಬೆರಳುಗಳು ಸಾಲಾಗಿ ಬಂದವು. ಮರುದಿನ ಸಂಜೆಯೊಳಗೆ ಅದು ಅವಳ ಅಪ್ಪ ಕೆಲಸ ಮಾಡುವ ಹೋಟೆಲಿಗೂ ಮುಟ್ಟಿತ್ತು. ಯಾರೋ ಗಿರಾಕಿ ಫೋನ್ ತೋರಿಸಿ, "ಇದು ನಿನ್ ಮಗಳೇ ತಾನೆ?" ಎಂದು ನಕ್ಕನಂತೆ. ಆ ರಾತ್ರಿ ಮನೆಯಲ್ಲಿ ಏನಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬೆಳಿಗ್ಗೆ ಗೇಟಿನ ಹತ್ತಿರ ನನಗಾಗಿ ಕಾದಿದ್ದಳು. "ಸಾ, ಯಾರ್ಗೂ ಗೊತ್ತಾಗಕಿಲ್ಲ ಅಂದ್ರಿ." ಅಷ್ಟೇ. ಆಮೇಲೆ ಶಾಲೆಯಲ್ಲಿ ಅವಳು ಒಂದು ಮಾತೂ ಆಡಿಲ್ಲ.

ಇಷ್ಟಾದ ಮೇಲೆ ನಿಮ್ಮಿಂದ ಏನು ಬಂತು? ನೋಟಿಸು. ಫೋಟೋದಲ್ಲಿ ವಿದ್ಯಾರ್ಥಿನಿಯು ಅಕ್ಕಿ ಆರಿಸುತ್ತಿರುವುದು ಕಂಡುಬಂದಿದೆ, ಮಕ್ಕಳಿಂದ ಕೆಲಸ ಮಾಡಿಸಿದ್ದಕ್ಕೆ ವಿವರಣೆ ನೀಡತಕ್ಕದ್ದು, ವಿಚಾರಣೆ ಮುಗಿಯುವವರೆಗೆ ಸಮಾಲೋಚಕಿಯ ಭೇಟಿ ರದ್ದು! ಆ ಮಗು ಹೇಳಿಕೊಂಡ ನೋವನ್ನೆಲ್ಲ ಓದಿ ನಿಮ್ಮ ಕಣ್ಣಿಗೆ ಬಿದ್ದದ್ದು ಮೊರವೊಂದೇ? ನಿಮ್ಮ ಮಗಳು ಕಲಿಯುವ ಇಂಗ್ಲಿಷ್ ಶಾಲೆಯವರು ಅವಳ ಕಣ್ಣೀರನ್ನು ಹೀಗೆ ಫೋಟೋ ಸಮೇತ ಹಂಚಿದ್ದರೆ ನೀವೂ ಹೆಬ್ಬೆರಳು ಒತ್ತುತ್ತಿದ್ದಿರಾ? ನಂಬಿಸಿ ಕತ್ತು ಕುಯ್ಯುವುದು ಎಂಬ ಮಾತನ್ನು ಕೇಳಿದ್ದೆ. ಕುಯ್ಯುವ ಕೈಗಳಲ್ಲಿ ನನ್ನದೂ ಒಂದಾಗುತ್ತದೆಂದು ತಿಳಿದಿರಲಿಲ್ಲ.

ಆ ವರದಿಯನ್ನು ಅಳಿಸಿ, ತಪ್ಪಾಯಿತೆಂದು ಅದೇ ಗುಂಪಿನಲ್ಲಿ ಬರೆಯಿರಿ. ಮಕ್ಕಳ ಹೆಸರು ಕೇಳುವ ನಮೂನೆಯನ್ನು ರದ್ದು ಮಾಡಿ. ಬರುವ ಗುರುವಾರವೇ ದಿವ್ಯಾರನ್ನು ಕಳಿಸಿ. ಶಿಕ್ಷೆ ಕೊಡಲೇಬೇಕೆಂದಿದ್ದರೆ ನನಗೆ ಕೊಡಿ. ಬೀರು ತೆರೆದವನು ನಾನು.

ಮೊನ್ನೆ ಹುಡುಗಿಯ ಅಜ್ಜಿ ಬಂದಿದ್ದರು. ಈ ಪತ್ರ ಬರೆಯಲೇ ಎಂದು ಕೇಳಿದೆ. "ಬರ್ಕಳಿ ಸಾ, ಮಗೀನ ಹೆಸ್ರು ಮಾತ್ರ ಬ್ಯಾಡ. ನಂಗೊಂದು ಟೀಸಿ ಕೊಟ್ಬುಡಿ. ಅವ್ಳ ದೊಡ್ಡಮ್ಮನ ಊರ್ಗೆ ಬುಟ್ಬತ್ತೀನಿ" ಎಂದರು. ಗುರುವಾರ ಸಂಜೆಯವರೆಗೆ ತಡೆಯಿರಿ ಎಂದು ಕೈಮುಗಿದಿದ್ದೇನೆ. ಟೀಸಿಯಲ್ಲಿ "ಶಾಲೆ ಬಿಡಲು ಕಾರಣ" ಎಂದೊಂದು ಸಾಲಿದೆ. ದಿವ್ಯಾ ಬರದಿದ್ದರೆ ಅದನ್ನು ಖಾಲಿ ಬಿಟ್ಟು ನಿಮ್ಮ ಮೇಜಿಗೇ ತರುತ್ತೇನೆ. ಅಜ್ಜಿ, ಮೊಮ್ಮಗಳು ಇಬ್ಬರೂ ಜೊತೆಗಿರುತ್ತಾರೆ. ಅವರ ಎದುರಿಗೇ, ನಿಮ್ಮ ಕೈಯಾರೆ ಬರೆದುಕೊಡಿ.

ಇಂತಿ,
ನಿಮ್ಮ ಮಾತನ್ನು ಮಗುವಿಗೆ ದಾಟಿಸಿ ಸುಳ್ಳುಗಾರನಾದ,
ಹಿರೀಸಾವೆ ಕಡೆಯ ಒಬ್ಬ ಪ್ರಭಾರ ಮುಖ್ಯ ಶಿಕ್ಷಕ