ಕಿಟಕಿಯ ಹೊಟ್ಟೆಯಲ್ಲೊಂದು ಬರ್ತು

ಮನೆಯಿಂದ, ಮೂರನೇ ಮಹಡಿ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ ನಿನ್ನ ಮಾವನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಹೋದ ವಾರ ಫೋನಿನಲ್ಲಿ ನಿನ್ನ ದನಿ ಕಟ್ಟಿಕೊಂಡಿತ್ತು. ನೆಗಡಿಯೇನೂ ಇಲ್ಲ ಎಂದೆ, ಆದರೆ ಮಾತಿನ ನಡುವೆ ಎರಡು ಸಲ ಸೀನಿದ್ದು ಇಲ್ಲಿಯವರೆಗೂ ಕೇಳಿಸಿತು. ಊರಿಗೆಲ್ಲ ಆರೋಗ್ಯದ ಬುದ್ಧಿ ಹೇಳುವ ನರ್ಸಮ್ಮನವರು ತಾವು ಮಾತ್ರ ತಣ್ಣೀರು ಕುಡಿಯುತ್ತಾರೆ. ಬಿಸಿನೀರು ಕುಡಿ. ಹಾಸ್ಟೆಲಿನ ಊಟ ಒಗ್ಗಿತೇ? ತರಬೇತಿಯ ಮೊದಲ ಪರೀಕ್ಷೆ ಮುಗಿದಿರಬೇಕು. ನೀನು ಪಾಸಾಗುವುದರಲ್ಲಿ ನನಗೆ ಸಂಶಯವಿಲ್ಲ, ಅದಕ್ಕೇ ಫಲಿತಾಂಶ ಕೇಳುವುದಿಲ್ಲ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಗಂಡ ಅಡುಗೆ ಕಲಿತಿದ್ದಾನೆ. ಔಷಧಿ ಅಂಗಡಿಯವನಲ್ಲವೇ, ಉಪ್ಪನ್ನೂ ಸಿರಪ್ಪು ಅಳೆಯುವ ಚಮಚದಲ್ಲೇ ಅಳೆದು ಹಾಕುತ್ತಾನೆ. ಅಳತೆ ಒಂದು ಕಾಳೂ ತಪ್ಪುವುದಿಲ್ಲ. ರುಚಿಯೂ ಹೆಚ್ಚುಕಡಿಮೆ ಸಿರಪ್ಪಿನದೇ.

ಫೋನು ಇರುವಾಗ ಈ ಮುದುಕ ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು 'ಹೂಂ, ಆಯ್ತು, ಇಡ್ಲಾ' ಬಿಟ್ಟು ನಾಲ್ಕನೇ ಮಾತು ಆಡಿದವನಲ್ಲ. ಇವತ್ತು ಹೇಳುವುದು ತುಂಬಾ ಇದೆ. ಅಕ್ಷರ ದಪ್ಪದಪ್ಪಗೆ, ಅಂಗಡಿಯ ಬೋರ್ಡಿನ ಹಾಗಿದೆ. ಸಾಲು ಮೇಲೆ ಹತ್ತಿದರೆ ಕಣ್ಣು ಮುಚ್ಚಿಕೊಂಡು ಕ್ಷಮಿಸಿಬಿಡು.

ನಡುಮನೆಯ ಆ ಹೊಟ್ಟೆ ಕಿಟಕಿ ನಿನಗೆ ನೆನಪಿದೆಯಲ್ಲ. ಮನೆ ಕಟ್ಟಿದವನು ಅದನ್ನು ಬೇ ವಿಂಡೋ ಎಂದು ಕರೆದು ಹೆಮ್ಮೆಯಿಂದ ತೋರಿಸಿದ್ದನಂತೆ. ನಡುವೆ ಅಗಲವಾದ ಗಾಜು, ಎರಡು ಪಕ್ಕಕ್ಕೆ ಓರೆಯಾಗಿ ಎರಡು ಗಾಜು, ಗೋಡೆ ಊಟ ಮಾಡಿ ಹೊಟ್ಟೆ ಮುಂದಕ್ಕೆ ಬಿಟ್ಟುಕೊಂಡು ನಿಂತ ಹಾಗೆ. ಇಡೀ ಮನೆಯಲ್ಲಿ ಒಳ್ಳೆಯ ಬೆಳಕು ಬರುವ ಜಾಗ ಅದೊಂದೇ. ಅಲ್ಲಿ ನಾವು ಏನು ಇಟ್ಟಿದ್ದೆವು? ಫ್ಯಾನಿನ ಖಾಲಿ ಡಬ್ಬ, ಇಸ್ತ್ರಿ ಮಾಡುವ ಹಲಗೆ, ಹಳೇ ಪೇಪರು, ಒಣಗಿದ ಗಿಡವಿದ್ದ ಎರಡು ಕುಂಡ. ಬೆಳಕನ್ನೆಲ್ಲ ರಟ್ಟಿನ ಡಬ್ಬಗಳಿಗೆ ಕೊಟ್ಟು, ನಾವು ಮೂರು ಜನ ಹಿಂದಿನ ಕತ್ತಲೆಯಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಓಡಾಡುತ್ತಿದ್ದೆವು. ನನ್ನ ಮಡಚುವ ಮಂಚ ಬಿಚ್ಚಿದರೆ ಅಡುಗೆಮನೆಯ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ನೀನು ಪಾಳಿ ಮುಗಿಸಿ ಬೆಳಗಿನ ಜಾವ ಬರುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಮಂಚದ ಅಂಚಿನಲ್ಲಿ ಕಳ್ಳನ ಹಾಗೆ ದಾಟುತ್ತಿದ್ದೆ. ನನಗೆ ಎಚ್ಚರವಿರುತ್ತಿತ್ತು. ನಿನಗೆ ಮುಜುಗರವಾಗದಿರಲಿ ಎಂದು ಗೊರಕೆ ಹೊಡೆಯುತ್ತಿದ್ದೆ.

ನೀನು ಹೊರಡುವ ಮೊದಲು ನೀವಿಬ್ಬರೂ ಕೋಣೆಯಲ್ಲಿ ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಕದ್ದು ಕೇಳಲಿಲ್ಲ, ಈ ಮನೆಯಲ್ಲಿ ಕೇಳದೆ ಇರುವುದೇ ಕಷ್ಟ. ಊರ ಹೊರಗೆ ಮೂರು ಕೋಣೆಯ ಮನೆ ನೋಡಿದ್ದೀರಿ ಎಂದು ಗೊತ್ತಾಯಿತು. ಈಗ ಹತ್ತು ನಿಮಿಷ ನಡೆದು ಆಸ್ಪತ್ರೆ ಸೇರುವವಳು ಎರಡು ಬಸ್ಸು ಬದಲಾಯಿಸಬೇಕಾಗುತ್ತದೆ, ಇಲ್ಲವೇ ಕೆಲಸವನ್ನೇ ಬಿಡಬೇಕಾಗುತ್ತದೆ ಎಂದೂ ಕೇಳಿಸಿತು. 'ಮಾವಂಗೆ ಒಂದು ಕೋಣೆ ಬೇಕಲ್ವಾ' ಅಂದವಳು ನೀನೇ. ಆ ಮಾತು ನನ್ನನ್ನು ಒಂದು ವಾರ ಕೂರಲು ಬಿಡಲಿಲ್ಲ. ಮೂವತ್ತೊಂದು ವರ್ಷ ರೈಲು ಬೋಗಿಯ ಕಾರ್ಖಾನೆಯಲ್ಲಿ ಮರಗೆಲಸ ಮಾಡಿದವನು ನಾನು. ಒಂದು ಬೋಗಿಯಲ್ಲಿ ಎಪ್ಪತ್ತೆರಡು ಜನರನ್ನು ಮಲಗಿಸಿ, ಅವರ ಪೆಟ್ಟಿಗೆಗಳನ್ನು ಕೆಳಗೆ ತಳ್ಳಿಸಿ, ಓಡಾಡಲು ದಾರಿಯನ್ನೂ ಬಿಟ್ಟವನಿಗೆ ಒಬ್ಬ ಮುದುಕನನ್ನು ಮಲಗಿಸಲು ಮೂರು ಕೋಣೆಯ ಮನೆ ಬೇಕೇ?

ನೀನು ರೈಲು ಹತ್ತಿದ ಮರುದಿನವೇ ಡಬ್ಬಗಳನ್ನು ಎಸೆದೆ. ನಿನ್ನ ಗಂಡ ಸಂಜೆ ಬಂದು, 'ಅಪ್ಪಾ, ಫ್ಯಾನಿನ ಡಬ್ಬ ಎಲ್ಲಿ?' ಅಂದ. ಫ್ಯಾನು ತಲೆ ಮೇಲೆ ತಿರುಗುತ್ತಿದೆ, ಡಬ್ಬ ಯಾಕೆ ಎಂದು ಕೇಳಿದರೆ ತಲೆಯೆತ್ತಿ ಫ್ಯಾನನ್ನೇ ನೋಡಿದ. ಆಮೇಲೆ ಕಿಟಕಿಯನ್ನು ಎರಡು ದಿನ ಸುಮ್ಮನೆ ನೋಡಿದೆ. ಬೆರಳಿನಿಂದ ತಟ್ಟಿದೆ, ಮೂಲೆಗಳನ್ನು ತಡವಿ ತೇವ ಇದೆಯೋ ನೋಡಿದೆ. ಎಡಗಡೆಯ ಗಾಜಿನ ಕೆಳಗೆ ನೀರು ಜಿನುಗುತ್ತಿತ್ತು. ಅದನ್ನು ಕೆರೆದು ಒಣಗಿಸಿ ಮುಚ್ಚಿಸಿದ ಮೇಲೆಯೇ ಮರಕ್ಕೆ ಕೈ ಹಾಕಿದ್ದು. ಗೊತ್ತಿಲ್ಲದವರು ಇಂಥ ಕಿಟಕಿಯ ಚಾಚಿದ ಕಟ್ಟೆಯ ಮೇಲೇ ನೇರವಾಗಿ ಹಾಸಿಗೆ ಹಾಕಿ ಕೂತುಬಿಡುತ್ತಾರೆ. ಆ ಕಟ್ಟೆ ಗೋಡೆಯಿಂದ ಹೊರಗೆ ನೇತಾಡುತ್ತಿರುತ್ತದೆ, ಎಷ್ಟು ಭಾರ ತಡೆಯುತ್ತದೋ ಕಟ್ಟಿದವನಿಗೇ ಗೊತ್ತು. ನಾನು ಒಂದು ಗಟ್ಟಿ ಚೌಕಟ್ಟು ಮಾಡಿ, ಅದರ ಕಾಲುಗಳನ್ನು ಒಳಗಿನ ನೆಲದ ಮೇಲೆ ಊರಿಸಿದೆ. ಭಾರವೆಲ್ಲ ನೆಲಕ್ಕೆ, ಬೆಳಕೆಲ್ಲ ನಮಗೆ.

ಉದ್ದ ಆರು ಅಡಿ ಒಂದು ಇಂಚು, ನನ್ನ ಎತ್ತರಕ್ಕೆ ಧಾರಾಳ. ಆದರೆ ಆಳ ಇಪ್ಪತ್ತೆರಡೇ ಇಂಚು. ಕೂರಲು ಸಾಕು, ಮಗ್ಗುಲು ತಿರುಗಿದರೆ ನೆಲಕ್ಕೆ. ಅದಕ್ಕೆ ಒಳಗಿನಿಂದ ಹತ್ತು ಇಂಚು ಎಳೆಯುವ ಹಲಗೆ ಇಟ್ಟೆ. ಹಗಲು ತಳ್ಳಿದರೆ ಬೆಂಚು, ಮಲಗುವಾಗ ಎಳೆದರೆ ರೈಲಿನ ಬರ್ತು. ಕೆಳಗೆ ಬಟ್ಟೆ ಇಡುವ ಪೆಟ್ಟಿಗೆ, ಮುಗ್ಗಲು ಹಿಡಿಯದಂತೆ ಹಿಂದೆ ಬೆರಳು ತೂರುವಷ್ಟು ತೂತುಗಳು. ಗಾಜಿಗೆ ಯಾರೂ ಒರಗಬಾರದೆಂದು ಚೌಕಟ್ಟಿಗೇ ಬಿಗಿದು ಎದೆಮಟ್ಟಕ್ಕೆ ಒಂದು ಕಬ್ಬಿಣದ ಸರಳು. ಬಲಗಡೆಯ ಓರೆ ಗಾಜಿನ ಹತ್ತಿರ ಒಂದು ಮಡಚುವ ಹಲಗೆ, ಅದು ನಿನಗೆ. ಓದಲು, ಬರೆಯಲು, ಪಾಳಿ ಮುಗಿಸಿ ಬಂದು ಕಾಲು ಚಾಚಿ ಕಾಫಿ ಲೋಟ ಇಡಲು. ಓರೆ ಮೂಲೆಗಳಿಗೆ ಟೇಪು ಹಿಡಿಯಲಿಲ್ಲ. ಹಳೇ ಪೇಪರನ್ನು ಮೂಲೆಗೆ ಒತ್ತಿ, ಗೆರೆ ಮೂಡಿಸಿ, ಅದೇ ಆಕಾರಕ್ಕೆ ಮರ ಕೊಯ್ದೆ. ಹೇಳಿ ಮಾಡಿಸಿದ ಹಾಗೆ ಕೂತಿತು.

ಇಷ್ಟೆಲ್ಲ ಜಂಬ ಕೊಚ್ಚಿದ ಮೇಲೆ ಒಂದು ನಿಜವನ್ನೂ ಹೇಳಬೇಕು. ಮುಂದಿನ ಉದ್ದದ ಹಲಗೆಯನ್ನು ಟೇಪು ಹಿಡಿದೇ ಕೊಯ್ದೆ. ಜೋಡಿಸಲು ಹೋದರೆ ಪೂರಾ ಒಂದು ಇಂಚು ಗಿಡ್ಡ. ಮೂವತ್ತೊಂದು ವರ್ಷದಲ್ಲಿ ಕೂದಲೆಳೆ ತಪ್ಪಿದವನಲ್ಲ ನಾನು. ಟೇಪು ಹಳೆಯದು, ಜಗ್ಗಿಹೋಗಿದೆ ಎಂದು ಬೈದೆ. ಮಾರನೇ ದಿನ ನಿನ್ನ ಗಂಡ ಅಂಗಡಿಯಿಂದ ಬರುವಾಗ ಹೊಸ ಟೇಪು ತಂದ. ನೋಡಿದರೆ ಅಡಿ ಅಡಿಗೂ ಕಪ್ಪು ಮಸಿಯಲ್ಲಿ ದಪ್ಪ ಅಂಕಿ ಬರೆದಿದ್ದಾನೆ. ಅಂಗಿಯ ತೋಳು ಮಡಚಿ, 'ನೀವು ಕೊಯ್ಯಿ, ನಾನು ಹಿಡ್ಕೋತೀನಿ' ಅಂದ. ಮರಗೆಲಸ ಕಲಿಯಲ್ಲ ಎಂದಾಗ ಅವನಿಗೆ ಹದಿನಾರು ವರ್ಷ. ಅವತ್ತಿನಿಂದ ನನ್ನ ಗರಗಸ ಅವನು ಮುಟ್ಟಿರಲಿಲ್ಲ, ನಾನೂ ಮುಟ್ಟು ಎಂದಿರಲಿಲ್ಲ. ಮೂರು ಭಾನುವಾರ ಇಬ್ಬರೂ ಸೇರಿ ಕೆಲಸ ಮಾಡಿದೆವು. ಅವನು ಅಳತೆ ಓದುತ್ತಿದ್ದ, ನಾನು ಕೊಯ್ಯುತ್ತಿದ್ದೆ. ಅವನ ಅಳತೆ ಒಮ್ಮೆಯೂ ತಪ್ಪಲಿಲ್ಲ. ಸ್ಕ್ರೂ ತಿರುಗಿಸುವುದು ಮಾತ್ರ ಬಾಟಲಿಯ ಮುಚ್ಚಳ ತಿರುಗಿಸಿದ ಹಾಗೆ. ಎರಡು ಸ್ಕ್ರೂ ಸೊಟ್ಟಗಿವೆ. ನಾನು ಸರಿ ಮಾಡಿಲ್ಲ, ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ಬೆಂಚು ಮುಗಿದ ಮೇಲೆ ನನ್ನ ದಿನವೆಲ್ಲ ಅಲ್ಲೇ. ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಹೆಣ್ಣುಮಗಳು ನೀಲಿ ಬಟ್ಟೆಯುಟ್ಟು ಕಿಟಕಿಯ ಬಳಿ ನಿಂತಿರುತ್ತಿದ್ದಳು. ಎದುರು ಮನೆಯವರು, ದಿನಾ ಮುಖ ನೋಡುವವರು, ಸುಮ್ಮನಿರುವುದು ಚೆನ್ನಾಗಿರುವುದಿಲ್ಲ ಎಂದು ನಾನು ಬೆಳಿಗ್ಗೆ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದೆ. ಅವಳು ತಲೆಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಹನ್ನೆರಡು ದಿನ ಹೀಗೇ ನಡೆಯಿತು. ಹದಿಮೂರನೇ ದಿನ ನಿನ್ನ ಗಂಡನಿಗೆ ದೂರು ಹೇಳಿದೆ: ಎಂಥ ಬಿಂಕದ ಹೆಂಗಸಪ್ಪ, ವಯಸ್ಸಿಗಾದರೂ ಮರ್ಯಾದೆ ಕೊಡಬಾರದೇ? ಅವನು ನನ್ನ ಪಕ್ಕ ಬಂದು ಕೂತು ಎದುರಿಗೆ ನೋಡಿದ. ಆಮೇಲೆ, 'ಅಪ್ಪಾ, ಅದು ಟೈಲರ್ ಅಂಗಡಿ. ಅದು ಬಟ್ಟೆ ತೊಡಿಸೋ ಬೊಂಬೆ' ಅಂದ. ನನಗೆ ನಗು ಬಂತು. ಅವನಿಗೂ ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಅವನು ನಗುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡ. ಡಾಕ್ಟರ ಹೆಸರು ಎತ್ತಲಿಲ್ಲ, ಬುದ್ಧಿ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನಾನೇ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. 'ಎಲ್ಲಿಗೆ?' ಅಂದ. 'ಕಣ್ಣಿನ ಆಸ್ಪತ್ರೆಗೆ, ನಡಿ' ಅಂದೆ. ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆಯಂತೆ. ಬಲಗಣ್ಣಿನದು ಚೆನ್ನಾಗಿ ಬಲಿತಿದೆಯಂತೆ. ತೆಗೆದರೆ ಸರಿಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನೀನು ಗಾಬರಿಯಾಗಬೇಡ, ಇಲ್ಲಿ ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ.

ಮನೆಯ ವಿಷಯ. ಊರ ಹೊರಗಿನ ಆ ಮನೆಯವರು ತಿಂಗಳ ಕೊನೆಯೊಳಗೆ ಉತ್ತರ ಕೇಳಿದ್ದಾರೆ. ನಿನ್ನ ಗಂಡ ಮೊನ್ನೆ ಬರ್ತಿನ ಮೇಲೆ ಮಧ್ಯಾಹ್ನ ಒಂದು ಗಂಟೆ ಮಲಗಿ ಎದ್ದು, 'ನಮಗೆ ಇದೇ ಸಾಕು ಅನ್ಸುತ್ತೆ' ಅಂದ. ನನ್ನ ಅಭಿಪ್ರಾಯ ನಿನಗೆ ಗೊತ್ತೇ ಇದೆ. ಆದರೆ ದಿನಾ ಹೋಗಿಬರಬೇಕಾದವಳು ನೀನು, ಈ ಮನೆಯಲ್ಲಿ ಉಸಿರು ಕಟ್ಟಿದ್ದೂ ನಿನಗೇ ಹೆಚ್ಚು. ಅದಕ್ಕೇ ಆ ಮನೆಯವರಿಗೆ ಈಗಲೇ ಏನೂ ಹೇಳಬೇಡ ಎಂದು ಅವನಿಗೆ ಹೇಳಿದ್ದೇನೆ. ಮಡಚುವ ಮಂಚವನ್ನು ಕೆಳಗಿನ ಮನೆಯ ಅಜ್ಜಿ ತೆಗೆದುಕೊಂಡು ಹೋದರು. ಅಡುಗೆಮನೆಯ ಬಾಗಿಲು ಈಗ ಗೋಡೆಗೆ ತಾಗುವವರೆಗೂ ತೆರೆಯುತ್ತದೆ. ನೀನು ನೋಡಿ, ಕೂತು, ಮಲಗಿ, ಆಮೇಲೆ ಈ ಮನೆ ಬೇಡ ಎಂದರೂ ಸರಿ, ಬೇಕು ಎಂದರೂ ಸರಿ. ಬೇಡ ಎಂದರೆ ಬೆಂಚನ್ನು ಬಿಚ್ಚಿ ಹೊಸ ಮನೆಗೆ ಒಯ್ಯುವ ಹಾಗೆಯೇ ಮಾಡಿದ್ದೇನೆ. ಒಂದು ಮೊಳೆಯೂ ಗೋಡೆಗೆ ಹೊಡೆದಿಲ್ಲ.

ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಗೆ ನನ್ನ ನೆನಪುಗಳನ್ನು ತಿಳಿಸು. ನಿನ್ನ ಗಂಡ ಬೇರೆ ಬರೆಯುತ್ತಾನಂತೆ, ನಂಬಬೇಡ, ಫೋನು ಮಾಡುತ್ತಾನೆ. ಹೊತ್ತು ಹೊತ್ತಿಗೆ ಉಣ್ಣು, ನಿದ್ದೆಗೆಡಬೇಡ. ಓದು ಚೆನ್ನಾಗಿ ಸಾಗಲಿ, ನೂರು ಕಾಲ ಸುಖವಾಗಿರು.

ಇಂತಿ,
ನಿನ್ನ ಮಾವ

ಮ.ವಿ.: ಅವನು ಅಂಚೆಚೀಟಿ ತರಲು ಕೆಳಗಿನ ಅಂಗಡಿಗೆ ಹೋಗಿದ್ದಾನೆ, ಬರುವುದರೊಳಗೆ ಇಷ್ಟು ಬರೆದು ಲಕೋಟೆ ಅಂಟಿಸಿಬಿಡುತ್ತೇನೆ. ನೀನು ಹೊರಡುವ ಹಿಂದಿನ ದಿನ ಕಣ್ಣು ತೋರಿಸಿಕೊಳ್ಳಿ ಎಂದಾಗ, 'ನನ್ನ ಕಣ್ಣಿನ ಉಸಾಬರಿ ಹೊರಗಿಂದ ಬಂದವಳಿಗೆ ಬೇಡ' ಎಂದುಬಿಟ್ಟೆ. ನೀನು ಅದನ್ನು ಅವನಿಗೂ ಹೇಳಿಲ್ಲ ಎಂದು ಕಾಣುತ್ತದೆ. ಅದು ಸಿಟ್ಟಿನಲ್ಲಿ ಬಂದ ಮಾತಲ್ಲಮ್ಮ, ಹೆದರಿಕೆಯಲ್ಲಿ ಬಂದದ್ದು. ನನ್ನ ಅಣ್ಣ ಇದೇ ಆಪರೇಷನ್ ಮಾಡಿಸಿಕೊಂಡು ಒಂದು ಕಣ್ಣು ಕಳೆದುಕೊಂಡಿದ್ದ. ಆ ಸಂಗತಿ ನಾನು ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ. ತಪ್ಪಾಯಿತು. ನನ್ನ ಆಪರೇಷನ್ ಇದೇ ಇಪ್ಪತ್ತನೇ ತಾರೀಕು ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ. ಅವಳ ತರಬೇತಿ ಕೆಡಿಸಬೇಡ, ಅವಳಿಗೆ ತಿಳಿಸಲೇಬೇಡ ಎಂದು ಅವನಿಗೆ ಕಟ್ಟಪ್ಪಣೆ ಮಾಡಿದವನು ನಾನೇ. ಈಗ ನಾನೇ ಕೇಳುತ್ತಿದ್ದೇನೆ. ಎರಡು ದಿನ ರಜೆ ಸಿಕ್ಕರೆ ಬಾ. ಒಳಗೆ ಕರೆದುಕೊಂಡು ಹೋಗುವಾಗ ನೀನು ಪಕ್ಕದಲ್ಲಿದ್ದರೆ ನನಗೆ ಧೈರ್ಯ.