ಸೊಟ್ಟ ಹಲ್ಲು ಮತ್ತು ಮಂಗಳವಾರದ ಮೂರನೇ ಪೀರಿಯಡ್ಡು

ಮನೆಯಿಂದ,
ಹನ್ನೆರಡನೆಯ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಹಡಗಿನ ಒಲೆಯ ಕಾವಿಗೆ ಮೊಣಕೈ ಮೇಲೆ ಎದ್ದಿದ್ದ ಗುಳ್ಳೆಗಳು ಒಣಗಿದವೇ? ಇಪ್ಪತ್ತೆರಡು ಜನರಿಗೆ ಬಡಿಸಿ ಮುಗಿಸುವಷ್ಟರಲ್ಲಿ ನನ್ನ ಹಸಿವೇ ಸತ್ತಿರುತ್ತದೆ ಎಂದು ಹೋದ ಸಲ ನೀನು ಬರೆದಿದ್ದೆ. ಅದನ್ನು ಓದಿದ ದಿನ ನನಗೂ ಊಟ ಸೇರಲಿಲ್ಲ. ಮೊದಲು ನೀನು ತಿನ್ನು, ಆಮೇಲೆ ಕ್ಯಾಪ್ಟನ್ನಿಗೆ ಬಡಿಸು. ಕಾಯಲಿ ಬಿಡು, ನಡುಸಮುದ್ರದಲ್ಲಿ ಬೇರೆ ಯಾವ ಹೋಟೆಲಿಗೆ ಹೋಗುತ್ತಾನೆ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅಳಿಯಂದಿರು ಬೇಕರಿಯಿಂದ ಬಂದವರೇ ಮೈಯೆಲ್ಲ ಹಿಟ್ಟು ಮಾಡಿಕೊಂಡು ಸೋಫಾದ ಮೇಲೆ ಮಲಗಿಬಿಡುತ್ತಾರೆ. ಎದ್ದ ಮೇಲೆ ಸೋಫಾದಲ್ಲಿ ಅವರ ಬಿಳಿ ನೆರಳು ಹಾಗೇ ಉಳಿದಿರುತ್ತದೆ. ನನ್ನ ಮೊಣಕಾಲಿನ ಸುದ್ದಿ ಕೇಳಬೇಡ, ಅದು ಯಾರ ಮಾತೂ ಕೇಳುವುದಿಲ್ಲ. ನಿನ್ನ ಮಗಳು ಪಿಟೀಲು ನನ್ನ ಭುಜದೆತ್ತರಕ್ಕೆ ಬಂದಿದ್ದಾಳೆ. ಹುಟ್ಟಿದಾಗ ಅತ್ತ ದನಿಗೆ ನೀನು ಇಟ್ಟ ಆ ಹೆಸರು ಈಗ ಅವಳ ಶಾಲೆಗೂ ಹಬ್ಬಿದೆಯಂತೆ.

ಒಂದು ಸುದ್ದಿಯನ್ನು ನಿನಗೆ ಬರೆದಿರಲಿಲ್ಲ. ಹೋದ ತಿಂಗಳು ಅಳಿಯಂದಿರು ಹೊಸ ಬಗೆಯ ಬ್ರೆಡ್ ಮಾಡಿ, "ಮಾವ, ಮೊದಲನೇ ತುಂಡು ನಿಮ್ಗೆ," ಎಂದು ಕೊಟ್ಟರು. ಕಚ್ಚಿದೆ. ಬ್ರೆಡ್ಡಿಗೆ ಏನೂ ಆಗಲಿಲ್ಲ, ನನ್ನ ಮೇಲಿನ ಹಲ್ಲಿನ ಸೆಟ್ಟು ಎರಡು ಹೋಳಾಯಿತು. ಪಾಪ, ಅಳಿಯಂದಿರ ಮುಖ ನೋಡಬೇಕಿತ್ತು. ಮಾರನೆಯ ದಿನ ಪಿಟೀಲು ನನ್ನನ್ನು ಕರೆದುಕೊಂಡು ಹಲ್ಲು ಮಾಡುವವರ ಬಳಿಗೆ ಹೊರಟಳು. ಚಪ್ಪಲಿ ಅಂಗಡಿಯ ಮೇಲಿನ ಕೋಣೆ, ಕಿರಿದಾದ ಮೆಟ್ಟಿಲು. ಒಳಗೆ ಸಣ್ಣ ಉರಿಯ ಮೇಲೆ ಮೇಣ ಕರಗುತ್ತಿತ್ತು, ಕಪಾಟಿನ ತುಂಬ ಸುಣ್ಣದ ಬಿಳುಪಿನ ದವಡೆಗಳು, ಟ್ರೇಗಳಲ್ಲಿ ಬಣ್ಣದ ಪ್ರಕಾರ ಜೋಡಿಸಿದ ಹಲ್ಲುಗಳು, ದರ್ಜಿಯ ಅಂಗಡಿಯ ಗುಂಡಿಗಳ ಹಾಗೆ. ಆ ಮನುಷ್ಯ ಮೇಣದ ಮೇಲೆ ನನ್ನ ಹಲ್ಲುಗಳನ್ನು ಸಾಲಾಗಿ ನೆಡುತ್ತಿದ್ದರೆ ಇವಳು ಅವರ ಮೊಣಕೈಗೆ ಅಂಟಿಕೊಂಡು ನಿಂತವಳು ಕದಲಲಿಲ್ಲ. ಕೊನೆಗೆ ಹೇಳಿದಳು, "ಈ ಮುಂದಿನ ಹಲ್ಲು ತಾತಂದಲ್ಲ. ತಾತಂದು ಸ್ವಲ್ಪ ಪಕ್ಕದ ಹಲ್ಲಿನ ಮೇಲೆ ಹತ್ತಿತ್ತು. ಫೋಟೋದಲ್ಲಿದೆ." ಮನೆಗೆ ಓಡಿ ನಿನ್ನ ಮದುವೆಯ ಫೋಟೋ ತಂದು ತೋರಿಸಿದಳು. ಅವರು ಕನ್ನಡಕ ಏರಿಸಿ ನೋಡಿ, "ನಲವತ್ತು ವರ್ಷದಲ್ಲಿ ಹಲ್ಲು ಸೊಟ್ಟ ಮಾಡ್ಕೊಡಿ ಅಂತ ಕೇಳಿದವಳು ನೀನೇ ಮೊದಲು," ಎಂದು ನಕ್ಕು, ಚೂಪು ಕಡ್ಡಿಯನ್ನು ಅವಳ ಕೈಗೇ ಕೊಟ್ಟರು. ಒಂದು ಕೂದಲೆಳೆಯಷ್ಟು ತಿರುಗಿಸಿದಳು. ವಾರದ ಮೇಲೆ ಹೊಸ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿದರೆ ಎದುರಿಗೆ ಹಳೆಯ ನಾನೇ ನಿಂತಿದ್ದೆ. ಹತ್ತು ವರ್ಷದಿಂದ ಕಳೆದುಹೋಗಿದ್ದವನು. ಬಹಳ ಹೊತ್ತು ಬಚ್ಚಲುಮನೆಯಿಂದ ಹೊರಗೇ ಬರಲಿಲ್ಲ ಮಗಳೇ.

ಅಂದಿನಿಂದ ಅವಳಿಗೆ ಅದೇ ಗುಂಗು. ಈ ಕೆಲಸಕ್ಕೆ ಏನು ಓದಬೇಕು ಎಂದು ಅವರನ್ನು ಕೇಳಿ ತಿಳಿದುಕೊಂಡು ಬಂದಿದ್ದಾಳೆ. ಹೈಸ್ಕೂಲಾದ ಮೇಲೆ ಮೂರು ವರ್ಷದ ತರಬೇತಿ. ಸೇರಿಸಿಕೊಳ್ಳುವಾಗ ರಸಾಯನಶಾಸ್ತ್ರ ಓದಿದ್ದಾರೆಯೇ ಎಂದು ಕೇಳುತ್ತಾರೆ, ಜೊತೆಗೆ ಜೇಡಿಮಣ್ಣಿನಲ್ಲಿ ಏನಾದರೂ ಮಾಡಿಸಿ ಕೈ ನೋಡುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಶಾಲೆಯಿಂದ ವಿಷಯ ಆಯ್ಕೆಯ ಅರ್ಜಿ ಬಂತು. ನೀನು ಹೊರಡುವಾಗ ಫ್ರಿಜ್ಜಿಗೆ ಅಂಟಿಸಿಹೋದ ವಿಷಯಗಳ ಪಟ್ಟಿಯನ್ನೂ ಅರ್ಜಿಯನ್ನೂ ಹಿಡಿದುಕೊಂಡು ನಾವಿಬ್ಬರೂ ಶಾಲೆಗೆ ಹೋದೆವು. ಮಕ್ಕಳಿಗೆ ದಾರಿ ಹೇಳಲೆಂದೇ ಅಲ್ಲಿ ಒಬ್ಬರು ಮೇಡಂ ಇದ್ದಾರೆ, ನಿನ್ನದೇ ವಯಸ್ಸು, ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡು ಊರೆಲ್ಲ ಹುಡುಕುತ್ತಾರೆ. ನಾಲ್ಕು ವರ್ಷದಲ್ಲಿ ಇಪ್ಪತ್ತನಾಲ್ಕು ಕ್ರೆಡಿಟ್ ಆಗಬೇಕಂತೆ. ಒಂದು ವಿಷಯವನ್ನು ಒಂದು ವರ್ಷ ಓದಿ ಪಾಸಾದರೆ ಒಂದು ಕ್ರೆಡಿಟ್. ಯಾವ ಯಾವ ವಿಷಯದಲ್ಲಿ ಎಷ್ಟೆಷ್ಟು ಎಂಬುದಕ್ಕೂ ಲೆಕ್ಕವಿದೆ. ನಿನ್ನ ಪಟ್ಟಿಯನ್ನು ಎರಡು ಸಲ ಓದಿ ಅವರು ಹೇಳಿದರು, "ತಾತ, ಇದರ ಪ್ರಕಾರ ಓದಿದ್ರೆ ಹುಡುಗಿಗೆ ಎಲ್ಲಾ ವಿಜ್ಞಾನಾನೂ ಬರುತ್ತೆ, ಸರ್ಟಿಫಿಕೇಟ್ ಮಾತ್ರ ಬರಲ್ಲ." ಕಲೆಯ ವಿಭಾಗದಲ್ಲಿ ಒಂದಾದರೂ ಕ್ರೆಡಿಟ್ ಇರಲೇಬೇಕಂತೆ, ನಿನ್ನ ಪಟ್ಟಿಯಲ್ಲಿ ಅದಿಲ್ಲ. ಸಿಟ್ಟಾಗಬೇಡ, ನನಗೂ ಗೊತ್ತಿರಲಿಲ್ಲ.

ಹಾಗಾದರೆ ಕಲೆಗೆ ಜೇಡಿಮಣ್ಣಿನ ಕೆಲಸವನ್ನೇ ತೆಗೆದುಕೊಳ್ಳಲಿ ಎಂದೆ. ಮೇಡಂ ಮುಖ ಸಪ್ಪೆ ಮಾಡಿದರು. ರಸಾಯನಶಾಸ್ತ್ರದ ಪ್ರಯೋಗವೂ ಮಣ್ಣಿನ ತರಗತಿಯೂ ಮಂಗಳವಾರ ಮೂರನೇ ಪೀರಿಯಡ್ಡಿಗೇ ಬರುತ್ತವೆ, ಒಂದನ್ನು ಬಿಡಬೇಕು. ಪಿಟೀಲು ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಆಗ ನನ್ನೊಳಗಿನ ಗುಮಾಸ್ತ ಎದ್ದುಬಿಟ್ಟ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಕೂತು ಅರವತ್ತು ಬಸ್ಸುಗಳನ್ನು ಒಂದಕ್ಕೊಂದು ಮುಟ್ಟದ ಹಾಗೆ ಓಡಿಸಿದವನು, ಎರಡು ತರಗತಿಗಳನ್ನು ಬೇರೆ ಮಾಡಲಾರೆನೇ? "ಒಂದ್ಸಲ ನಿಮ್ಮ ವೇಳಾಪಟ್ಟಿ ಕೊಡ್ತೀರಾ, ನೋಡಿ ವಾಪಸ್ ಕೊಡ್ತೀನಿ," ಎಂದೆ. ಮುದುಕನಿಗೆ ಹೊತ್ತು ಹೋಗಲಿ ಎಂದುಕೊಂಡಿರಬೇಕು, ನಗುತ್ತಲೇ ಒಂದು ನಕಲು ಕೊಟ್ಟರು. ಮೂರು ದಿನ ಊಟದ ಮೇಜು ನನ್ನದಾಯಿತು. ಅಳಿಯಂದಿರು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಂಡರು. ಮೊದಲ ದಿನ ನಾನು ಮಾಡಿದ ಬದಲಾವಣೆಯಲ್ಲಿ ಭೂಗೋಳದ ಮೇಷ್ಟ್ರು ಒಂದೇ ಗಂಟೆಗೆ ಎರಡು ಕೋಣೆಗಳಲ್ಲಿ ಪಾಠ ಮಾಡಬೇಕಾಗಿತ್ತು. ಪಿಟೀಲು ಅದನ್ನು ಹಿಡಿದು ಬಿದ್ದು ಬಿದ್ದು ನಕ್ಕಳು. ಮೂರನೆಯ ದಿನ ಸಿಕ್ಕಿತು. ಗುರುವಾರ ಕೊನೆಯ ಎರಡು ಪೀರಿಯಡ್ಡು ಮಣ್ಣಿನ ಕೋಣೆ ಖಾಲಿ, ಆ ಟೀಚರೂ ಖಾಲಿ. ಅವತ್ತಿನ ಒಂದು ಭೂಗೋಳದ ಪಾಠವನ್ನು ಮಂಗಳವಾರಕ್ಕೆ ಸರಿಸಿ ಮಣ್ಣಿನ ತರಗತಿಯನ್ನು ಅಲ್ಲಿಗೆ ತಂದರೆ ಸಾಕು. ಮೇಡಂ ಅದನ್ನು ಹೆಡ್‌ಮಾಸ್ಟರರ ಕೋಣೆಗೆ ಒಯ್ದರು. ಹೆಡ್‌ಮಾಸ್ಟರು ಬಹಳ ಹೊತ್ತು ನೋಡಿ, "ನಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ ಇದು?" ಎಂದರಂತೆ. ಇವಳ ಹಾಗೆಯೇ ಸಿಕ್ಕಿಹಾಕಿಕೊಂಡಿದ್ದ ಇನ್ನೂ ಆರು ಮಕ್ಕಳಿಗೆ ದಾರಿಯಾಯಿತು. ನನಗೆ ಟೀ ಕೊಟ್ಟರು, ಎರಡು ಸಲ.

ಇಷ್ಟು ಹೇಳಿ ಒಂದನ್ನು ಮುಚ್ಚಿಟ್ಟರೆ ಸರಿಯಲ್ಲ. ಮಣ್ಣಿನ ತರಗತಿಯನ್ನು ಎರಡು ವರ್ಷ ತೆಗೆದುಕೊಂಡರೆ ಮೇಲಿನ ಹಂತದ ಜೀವಶಾಸ್ತ್ರಕ್ಕೆ ಜಾಗ ಉಳಿಯುವುದಿಲ್ಲ. ಸಾಮಾನ್ಯ ಜೀವಶಾಸ್ತ್ರ ಇರುತ್ತದೆ. ಮುಂದೆ ಡಾಕ್ಟರಾಗುವ ಮನಸ್ಸಾದರೆ ಒಂದು ವರ್ಷ ಹೆಚ್ಚಿಗೆ ಓದಬೇಕಾದೀತು ಎಂದು ಮೇಡಂ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಾರೆ. ಅವಳು ಡಾಕ್ಟರಾಗಲಿ ಎಂದು ನೀನು ಯಾಕೆ ಅಷ್ಟು ಹಟ ಹಿಡಿದಿದ್ದೀಯ ಎಂಬುದು ನನಗೆ ಗೊತ್ತು, ನಿನ್ನ ಹಾಗೆ ಒಲೆಯ ಮುಂದೆ ಬೇಯದಿರಲಿ ಎಂದೇ. ನಿನ್ನ ಕಾಲದಲ್ಲಿ ಇಂಥದೇ ಅರ್ಜಿ ಬಂದಾಗ ನಿನ್ನನ್ನು ಒಂದು ಮಾತೂ ಕೇಳದೆ ನಾನೇ ತುಂಬಿದೆ. ವಾಣಿಜ್ಯ ಎಂದು ಬರೆದೆ, ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಲಿ ಎಂಬ ಆಸೆಗೆ. ನೀನು ಎರಡನೇ ವರ್ಷ ಪುಸ್ತಕ ಮುಚ್ಚಿಟ್ಟು ಹೋಟೆಲಿನ ಅಡುಗೆಮನೆಗೆ ಸೇರಿದಾಗ ಆರು ತಿಂಗಳು ನಿನ್ನ ಜೊತೆ ಮಾತು ಬಿಟ್ಟೆ. ತಪ್ಪು ನಿನ್ನದು ಎಂದೇ ತಿಳಿದಿದ್ದೆ. ಅವತ್ತು ಕೇಳಿದ್ದರೆ ನೀನು ಏನೆಂದು ಬರೆಸುತ್ತಿದ್ದೆಯೋ, ನನಗೆ ಇಂದಿಗೂ ಗೊತ್ತಿಲ್ಲ. ಮುಂದಿನ ಪತ್ರದಲ್ಲಿ ಬರಿ. ತಡವಾಗಿ ಕೇಳುತ್ತಿದ್ದೇನೆ, ಆದರೂ ತಿಳಿದುಕೊಳ್ಳಬೇಕು.

ಅರ್ಜಿಗೆ ಸಹಿ ಹಾಕಿ ಎಂದು ಅಳಿಯಂದಿರಿಗೆ ಹೇಳಿದರೆ, "ನಿಮ್ಮ ಮಗಳು ಬಂದು ನನ್ನನ್ನ ಓವನ್ನಿಗೆ ಹಾಕ್ತಾಳೆ ಮಾವ, ಅವಳನ್ನೇ ಕೇಳೋಣ," ಎಂದು ಜಾರಿಕೊಂಡರು. ನಿನ್ನನ್ನು ನೆನೆದಾಗಲೆಲ್ಲ ಅವರ ಕಿವಿ ಕೆಂಪಾಗುತ್ತದೆ, ಹೆದರಿಕೆಗೋ ಪ್ರೀತಿಗೋ ಕಾಣೆ. ಬಿಸಿಲಿನಲ್ಲಿ ಡೆಕ್ಕಿನ ಮೇಲೆ ಬಹಳ ಹೊತ್ತು ನಿಲ್ಲಬೇಡ. ಕೈಗೆ ಎಣ್ಣೆ ಹಚ್ಚಿಕೋ. ನಿನ್ನ ಹಡಗು ಮುಟ್ಟುವ ಪ್ರತಿ ದಡದಲ್ಲೂ ನಿನಗೆ ಒಳ್ಳೆಯ ಸುದ್ದಿಯೇ ಕಾದಿರಲಿ.

ನಿನ್ನ,
ಅಪ್ಪ

ಮರೆತಿದ್ದೆ: ಲಕೋಟೆಯೊಳಗೆ ಒಂದಲ್ಲ, ಎರಡು ಅರ್ಜಿಗಳಿವೆ, ಎರಡನ್ನೂ ನೋಡು. ಮೊದಲನೆಯದನ್ನು ನಿನ್ನ ಪಟ್ಟಿಯಂತೆಯೇ ಪಿಟೀಲು ಶಾಯಿಯಲ್ಲಿ ದುಂಡಗೆ ತುಂಬಿದ್ದಾಳೆ, ಕಲೆಯ ಕ್ರೆಡಿಟ್ಟಿಗೆ ಮಾತ್ರ ಹಾಡುಗಾರಿಕೆ ಸೇರಿಸಿದ್ದಾಳೆ. ಅಮ್ಮ ಬೇಡ ಎಂದರೆ ಇದನ್ನೇ ಕೊಡೋಣ, ನಂಗೇನೂ ಬೇಜಾರಿಲ್ಲ ಎಂದಳು. ನಗುನಗುತ್ತಲೇ ಹೇಳಿದಳು, ಅದನ್ನೇ ನನಗೆ ತಡೆಯಲಾಗಲಿಲ್ಲ. ಎರಡನೆಯದು ಅವಳ ಸ್ವಂತದ್ದು, ಮಣ್ಣಿನ ಕೆಲಸವಿರುವುದು, ಪೆನ್ಸಿಲ್ಲಿನಲ್ಲಿದೆ, ಅಳಿಸಲು ಸುಲಭವಾಗಲಿ ಎಂದು. ಮೂವತ್ತನೆಯ ತಾರೀಖಿನೊಳಗೆ ಒಂದಕ್ಕೆ ಸಹಿ ಹಾಕಿ ಕಳಿಸು. ಯಾವುದಕ್ಕೆ ಹಾಕಿದರೂ ನನಗೆ ಒಂದೇ ಎಂದು ಬರೆಯಹೊರಟೆ, ಈ ವಯಸ್ಸಿನಲ್ಲಿ ಮಗಳಿಗೆ ಸುಳ್ಳು ಬರೆಯಲು ಕೈ ಬರಲಿಲ್ಲ.