ಎರಡು ಪಟ್ಟಿಗಳ ನಡುವಿನ ಹೂವು

ನುರಾತಾ
ಏಪ್ರಿಲ್ ೧೮

ಪ್ರೀತಿಯ ಓಯ್ನಿಸೋ,

ನಿನಗೂ ಬುಖಾರಾದ ಮಗಳ ಮನೆಯವರಿಗೂ ನನ್ನ ಸಲಾಮು. ಕಣ್ಣಿನ ಕಟ್ಟು ಬಿಚ್ಚಿದರಂತೆ, ಕೇಳಿ ಜೀವಕ್ಕೆ ಹಾಯೆನಿಸಿತು. ಆಪರೇಷನ್ ಆದಾಗಲೇ ಬರೆಯಬೇಕಿತ್ತು. ಬೈದುಕೊಂಡಿರುತ್ತೀಯ, ಗೊತ್ತು. ಈ ಕಾಗದವನ್ನು ಮೊಮ್ಮಗಳ ಕೈಲಿ ಓದಿಸು, ಕಣ್ಣಿಗೆ ದಣಿವು ಬೇಡ.

ತಡಕ್ಕೆ ಕಾರಣ ನೀನೇ. ನೀನು ಊರಲ್ಲಿಲ್ಲವೆಂದು ನನ್ನ ಮೊಮ್ಮಗಳ ಮದುವೆಯ ಸುಜನಿ ಕಸೂತಿ ಹೊದಿಕೆಗೆ ಹೂಬಳ್ಳಿ ಬರೆಯುವ ನಿನ್ನ ಕೆಲಸ ನನ್ನ ಮೇಲೆಯೇ ಬಿತ್ತು. ಶಾಲೆಯಲ್ಲಿ ಭೂಗೋಳದ ಪಾಠ ಹೇಳಿಕೊಂಡು, ಬಿಡುವಾದಾಗ ಹವ್ಯಾಸಕ್ಕೆ ದಾಳಿಂಬೆಯ ಚಿತ್ತಾರ ಬರೆಯುತ್ತಿದ್ದವಳು ನಾನು. ಆದರೂ ಬಟ್ಟೆಯ ಪಟ್ಟಿಗಳನ್ನು ಸಡಿಲವಾಗಿ ಪೋಣಿಸಿ ಹಾಸಿಕೊಂಡು ಕೂತೆ. ಬರೆದಾದ ಮೇಲೆ ಅವನ್ನು ಬಿಚ್ಚಿ ಒಂದೊಂದು ಮನೆಗೆ ಕಸೂತಿಗೆ ಕೊಡುತ್ತೇವಲ್ಲ, ಮತ್ತೆ ಜೋಡಿಸಿದಾಗ ಎರಡು ಪಟ್ಟಿಗಳ ನಡುವಿನ ಹೂವು ಅರ್ಧ ಕೆಂಪು, ಅರ್ಧ ಇಟ್ಟಿಗೆ ಬಣ್ಣವಾಗಿರುವುದು ನನಗೆ ಯಾವತ್ತೂ ಕಣ್ಣಿಗೆ ಚುಚ್ಚುತ್ತಿತ್ತು. ಅದಕ್ಕೇ ಒಂದು ಹೂವೂ ಹೊಲಿಗೆ ದಾಟದಂತೆ, ಆಯಾ ಪಟ್ಟಿಯದು ಅಲ್ಲೇ ಮುಗಿಯುವಂತೆ ಬರೆದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ನಡುವಿನ ಎರಡು ಪಟ್ಟಿ ನನ್ನ ಹೆಣ್ಣುಮಕ್ಕಳವು. ತಮ್ಮ ಅಪ್ಪನ ಕೊನೆಗಾಲದಲ್ಲಿ ಯಾರು ಹೆಚ್ಚು ಸೇವೆ ಮಾಡಿದರು ಎಂಬ ಜಗಳದಲ್ಲಿ ಮಾತು ಬಿಟ್ಟವರು ಇನ್ನೂ ಆಡಿಲ್ಲ. ಈ ಮದುವೆಯ ನೆಪದಲ್ಲಾದರೂ ಒಂದಾಗಲಿ ಎಂದು ಕಾದಿದ್ದೆ. ಶರೋಫತ್ ತನ್ನ ಪಟ್ಟಿಯನ್ನು ಪಕ್ಕದ ಮನೆಯವಳ ಕೈಲಿ ಕಳಿಸಿದಳು. ಮದುಮಗಳ ತಾಯಿ ಮುಅತ್ತರ್ ತನ್ನದನ್ನು ತಾನೇ ತಂದಳು. ಜೋಡಿಸಿದರೆ ಎಲ್ಲೂ ಬಣ್ಣ ಕೆಟ್ಟಿರಲಿಲ್ಲ. ಹೇಗಿದೆ ಎಂದು ಹೆಮ್ಮೆಯಿಂದ ಕೇಳಿದೆ.

"ಚೆನ್ನಾಗೇ ಇದೆ ಅಮ್ಮಾ," ಎಂದಳು ಮುಅತ್ತರ್. "ಓಯ್ನಿಸೋ ಚಿಕ್ಕಮ್ಮ ಬರೆದಿದ್ರೆ ನಮ್ಮಿಬ್ಬರ ಪಟ್ಟಿ ಮಧ್ಯೆ ಬೇಕಂತಲೇ ಒಂದು ದೊಡ್ಡ ಹೂವು ಕೂರಿಸ್ತಿದ್ರು. ದಾರದ ಬಣ್ಣ ಕೇಳೋಕಾದ್ರೂ ಶರೋಫತ್ ನಮ್ಮನೆಗೆ ಬರ್ಬೇಕಾಗ್ತಿತ್ತು. ನಾನು ಅವಳಿಗಿಷ್ಟ ಅಂತ ಕಲ್ಲುಸಕ್ಕರೆ ತಂದಿಟ್ಟಿದ್ದೆ."

ಪಟ್ಟಿ ಹಾಸುವ ಮೊದಲು ನೀನು ಇದು ಯಾರ ಮನೆಗೆ, ಅದು ಯಾರ ಮನೆಗೆ ಎಂದು ವಿಚಾರಿಸುತ್ತಿದ್ದೆಯಲ್ಲ, ಊರ ಸುದ್ದಿಯ ಚಪಲ ಇವಳಿಗೆ ಎಂದು ನಾನು ಆಡಿಕೊಳ್ಳುತ್ತಿದ್ದೆ. ನನಗೆ ಹೂವು ಚೆಂದ ಬಂದರೆ ಸಾಕಿತ್ತು. ನಿನಗೆ ಅಷ್ಟಕ್ಕೆ ಕೆಲಸ ಮುಗಿಯುತ್ತಿರಲಿಲ್ಲ.

ಜೋಡಿಸಿದ್ದನ್ನು ಬಿಚ್ಚಿದ್ದೇನೆ. ಇಬ್ಬರ ಪಟ್ಟಿಯ ಅಂಚಿನಲ್ಲೂ ಸ್ವಲ್ಪ ಜಾಗವಿದೆ. ಡಾಕ್ಟರು ಒಪ್ಪಿದ ಕೂಡಲೇ ಬಾ. ಒಂದೇ ಹೂವು, ಅರ್ಧ ಅವಳಿಗೆ, ಅರ್ಧ ಇವಳಿಗೆ. ನಿನ್ನ ಕಣ್ಣಿನ ಬೆಳಕೂ ಕೈಯ ಹಿಡಿತವೂ ನೂರು ಕಾಲ ಇರಲಿ.

ನಿನ್ನ
ಹೊಸಿಯತ್

ತಾ.ಕ.: ಅಜ್ಜಿ ತಾನು ಹೂಬಳ್ಳಿ ಬರೆಯುತ್ತಿದ್ದ ಜೊಂಡಿನ ಲೇಖನಿಯನ್ನು ಸ್ವಂತ ಮೊಮ್ಮಗಳಾದ ನನಗೆ ಕೊಡದೆ, ನೆರೆಮನೆಯ ನಿನಗೆ ಕೊಟ್ಟ ದಿನ ನಾನು ಅಳಲಿಲ್ಲ, ನೆನಪಿದೆಯಾ? ನನ್ನ ತಲೆ ಸವರಿ, "ನಿನ್ನ ಕೈ ಬಲು ಚೆಂದ ಕಣೇ" ಅಂದಿದ್ದಳು. ಅದನ್ನು ಹೊಗಳಿಕೆ ಎಂದುಕೊಂಡೇ ಇಷ್ಟು ವರ್ಷ ಬದುಕಿದೆ.